ಮಣ್ಣಿನಲ್ಲಿ ಅಗೆದ ಕೋಟೆ: ಥೆಟ್‌ಫರ್ಡ್ ದಿಬ್ಬವನ್ನು ನೋಡುವ ಬಗೆ

ಇಂಗ್ಲೆಂಡಿನ ಪೂರ್ವಭಾಗದ ನಾರ್ಫೋಕ್ ಪ್ರಾಂತದಲ್ಲಿ ಥೆಟ್‌ಫರ್ಡ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ಸಾರ್ವಜನಿಕ ಉದ್ಯಾನದೊಳಗೆ ಸುಮಾರು 20 ಮೀಟರ್ ಎತ್ತರದ, ಮೈತುಂಬ ಹುಲ್ಲು ಬೆಳೆದ, ಬುಡದಲ್ಲಿ ಆಳವಾದ ತಗ್ಗಿರುವ ಒಂದು ಕಡಿದಾದ ದಿಬ್ಬ ನಿಂತಿದೆ. ನಕ್ಷೆಗಳು ಅದನ್ನು ಕೋಟೆಯೆಂದು ಗುರುತಿಸುತ್ತವೆ. ಕೋಟೆಯೆಂದರೆ ಕಲ್ಲಿನ ಗೋಡೆ, ಬುರುಜು, ಹೆಬ್ಬಾಗಿಲು ಎಂದು ಭಾವಿಸಿ ಹೋದವರಿಗೆ ಅಲ್ಲಿ ಗೋಡೆಯ ಒಂದು ತುಂಡೂ ಕಾಣಿಸುವುದಿಲ್ಲ. ಅವರು ಮೆಟ್ಟಿಲು ಹತ್ತಿ, ಮೇಲಿನಿಂದ ಪಟ್ಟಣವನ್ನು ನೋಡಿ, ಕೋಟೆ ಎಲ್ಲಿದೆ ಎಂದು ಕೇಳಿಕೊಳ್ಳುತ್ತಲೇ ಇಳಿದು ಬರುತ್ತಾರೆ. ವಾಸ್ತವವಾಗಿ ಅವರು ಹತ್ತಿ ಇಳಿದದ್ದೇ ಕೋಟೆ. ಈ ಬಗೆಯ ಕೋಟೆಯ ಬಲವೆಲ್ಲ ಕಟ್ಟಿದ ದಿನದಿಂದಲೂ ಮಣ್ಣಿನಲ್ಲೇ ಇತ್ತು. ಮಣ್ಣಿನ ಮೇಲೆ ನಿಲ್ಲಿಸಿದ್ದ ಮರದ ಭಾಗವಷ್ಟೇ ಕಾಲಕ್ರಮದಲ್ಲಿ ಇಲ್ಲವಾಗಿದೆ. ಆದ್ದರಿಂದ ಇಲ್ಲಿ ನೋಡಬೇಕಾದದ್ದು ಇಳಿಜಾರು, ತಗ್ಗು ಮತ್ತು ಏರಿ. ಇವುಗಳಲ್ಲಿ ಪ್ರತಿಯೊಂದನ್ನೂ ಯಾರೋ ಒಂದು ಲೆಕ್ಕ ಹಾಕಿಯೇ ಮಾಡಿದ್ದಾರೆ.

ಇಂಥ ಕೋಟೆಗಳನ್ನು ಮಾಟ್ ಮತ್ತು ಬೇಯ್ಲಿ ಕೋಟೆಗಳೆಂದು ಕರೆಯುತ್ತಾರೆ. ಮಾಟ್ ಎಂದರೆ ಆಳುಗಳು ಮಣ್ಣು ಪೇರಿಸಿ ಮಾಡಿದ ದಿಬ್ಬ. ಹಳೆಯ ಫ್ರೆಂಚ್ ಭಾಷೆಯಲ್ಲಿ ಮಣ್ಣಿನ ಹೆಂಟೆಗೂ ಗುಡ್ಡೆಗೂ ಇದ್ದ ಪದವದು. ನಮ್ಮ ಮಾಟಮಂತ್ರದ ಮಾಟಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಆದರೂ ಥೆಟ್‌ಫರ್ಡ್ ದಿಬ್ಬದ ಕುರಿತು ಊರಿನವರು ಹೇಳುವ ಸೈತಾನನ ಕಥೆಯನ್ನು ಕೇಳಿದಾಗ ಈ ಉಚ್ಚಾರಸಾಮ್ಯ ತುಸು ನಗು ತರಿಸುತ್ತದೆ. ದಿಬ್ಬದ ಬುಡಕ್ಕೆ ಅಂಟಿಕೊಂಡಂತೆ ಇರುವ, ಸುತ್ತಲೂ ಏರಿ ಮತ್ತು ಕಂದಕಗಳಿರುವ ವಿಶಾಲ ಅಂಗಳಕ್ಕೆ ಬೇಯ್ಲಿ ಎಂದು ಹೆಸರು. ಇದಕ್ಕೂ ನಮ್ಮ ಬೇಲಿಗೂ ನಂಟಿಲ್ಲ, ಆದರೆ ಬೇಲಿ ಹಾಕಿದ ಅಂಗಳವೆಂದು ನೆನಪಿಟ್ಟುಕೊಳ್ಳುವುದಕ್ಕೆ ಅನುಕೂಲವಾಗಿದೆ. ಇನ್ನೊಂದು ಪದದ ಚರಿತ್ರೆಯೂ ಇಲ್ಲಿ ಪ್ರಸ್ತುತ. ಇಂಗ್ಲಿಷಿನಲ್ಲಿ ಕಂದಕಕ್ಕೆ ಇಂದು ಬಳಸುವ ಮೋಟ್ ಎಂಬ ಪದ ಹುಟ್ಟಿದ್ದು ಇದೇ ಮಾಟ್‌ನಿಂದ. ದಿಬ್ಬದ ಹೆಸರು ತಗ್ಗಿಗೆ ಹೋಗಿ ಸೇರಿದ್ದು ವಿಚಿತ್ರವೆನಿಸಬಹುದು. ಆದರೆ ತಗ್ಗಿನಿಂದ ತೆಗೆದ ಮಣ್ಣೇ ದಿಬ್ಬವಾಗುವುದರಿಂದ, ಎರಡೂ ಒಂದೇ ಕೆಲಸದ ಎರಡು ಮುಖಗಳು.

ಹೊರಗಿನಿಂದ ಒಳಗೆ ನುಗ್ಗಬೇಕೆಂದಿರುವ ಶತ್ರುವಿನ ದೃಷ್ಟಿಯಿಂದ ನೋಡಿದರೆ ಇದರ ರಚನೆ ಬೇಗ ಅರ್ಥವಾಗುತ್ತದೆ. ಅವನು ಮೊದಲು ಹೊರಗಿನ ಕಂದಕಕ್ಕೆ ಇಳಿಯಬೇಕು. ಕಂದಕದ ಆಚೆ ದಡವೇ ಮುಂದುವರಿದು ಏರಿಯಾಗಿರುವುದರಿಂದ ತಗ್ಗಿನ ಆಳ ಮತ್ತು ಏರಿಯ ಎತ್ತರ ಎರಡನ್ನೂ ಒಂದೇ ಉಸಿರಿಗೆ ಹತ್ತಬೇಕು. ಏರಿಯ ನೆತ್ತಿಯಲ್ಲಿ ದಪ್ಪ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ನೆಟ್ಟ ತಡೆಬೇಲಿ ಇರುತ್ತದೆ. ಅದನ್ನೂ ದಾಟಿದರೆ ಅಂಗಳ ಸಿಗುತ್ತದೆ. ಅಲ್ಲಿ ಕುದುರೆ ಲಾಯ, ಕಣಜ, ಅಡಿಗೆಮನೆ, ಕಮ್ಮಾರಸಾಲೆ, ಆಳುಗಳ ಮನೆಗಳು ಇರುತ್ತಿದ್ದವು. ಅಂಗಳವನ್ನು ಗೆದ್ದ ಮೇಲೂ ದಿಬ್ಬದ ಬುಡದಲ್ಲಿ ಮತ್ತೊಂದು ಕಂದಕ, ಅದರ ಮೇಲೆ ಬೇಕಾದಾಗ ಕತ್ತರಿಸಿ ಬೀಳಿಸಬಹುದಾದ ಮರದ ಸೇತುವೆ, ದಿಬ್ಬದ ನೆತ್ತಿಯಲ್ಲಿ ಇನ್ನೊಂದು ತಡೆಬೇಲಿ, ಅದರ ನಡುವೆ ಮರದ ಅಟ್ಟಣೆಗೋಪುರ. ಪ್ರತಿ ಹಂತದಲ್ಲೂ ದಾಳಿಮಾಡುವವನು ಕೆಳಗೆ, ಕಾಯುವವನು ಮೇಲೆ. ಕೆಲವೇ ಜನ ಹಲವರನ್ನು ತಡೆಯಲು ಇದಕ್ಕಿಂತ ಅಗ್ಗದ ಉಪಾಯ ಆ ಕಾಲದಲ್ಲಿ ಇರಲಿಲ್ಲವೆಂದೇ ಹೇಳಬೇಕು.

ಕೆಲವೇ ಜನ ಎಂಬುದು ಇಲ್ಲಿ ಮುಖ್ಯವಾದ ಮಾತು. ನಾರ್ಮಂಡಿಯ ದೊರೆ ವಿಲಿಯಂ 1066ರ ಸೆಪ್ಟೆಂಬರ್ ಕೊನೆಯಲ್ಲಿ ಕಡಲು ದಾಟಿ ಇಂಗ್ಲೆಂಡಿಗೆ ಬಂದು, ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಕದನದಲ್ಲಿ ರಾಜ ಹೆರಾಲ್ಡನನ್ನು ಸೋಲಿಸಿದನು. ಒಂದು ಕದನವನ್ನು ಗೆಲ್ಲುವುದು ಬೇರೆ, ಭಾಷೆ ತಿಳಿಯದ, ಒಳಗೊಳಗೇ ಕುದಿಯುತ್ತಿರುವ ಇಡೀ ದೇಶವನ್ನು ಕೆಲವು ಸಾವಿರ ಸೈನಿಕರಿಂದ ಹಿಡಿದಿಟ್ಟುಕೊಳ್ಳುವುದು ಬೇರೆ. ಊರೂರಿಗೆ, ಹೊಳೆ ದಾಟುವ ಕಡವುಗಳಿಗೆ, ಹೆದ್ದಾರಿಗಳ ಕೂಡುವೆಡೆಗಳಿಗೆ ಒಂದೊಂದು ಸಣ್ಣ ಪಡೆಯನ್ನು ಇರಿಸಬೇಕು. ಆ ಪಡೆ ರಾತ್ರಿ ನಿಶ್ಚಿಂತೆಯಿಂದ ಮಲಗಬೇಕು. ಕಲ್ಲಿನ ಕೋಟೆಗೆ ವರ್ಷಗಳು ಬೇಕು, ನುರಿತ ಕಲ್ಲುಕುಟಿಗರು ಬೇಕು, ಹಣವೂ ಬೇಕು. ಮಣ್ಣಿನ ಕೋಟೆಗೆ ಸಲಿಕೆ, ಬುಟ್ಟಿ, ಬಿಟ್ಟಿ ಚಾಕರಿಗೆ ಎಳೆದು ತಂದ ಸುತ್ತಲ ಹಳ್ಳಿಗರು ಸಾಕು. ಇಂಗ್ಲಿಷರಲ್ಲಿ ಇಂಥ ಕೋಟೆಗಳು ತೀರ ಕಡಿಮೆ ಇದ್ದದ್ದೇ ಅವರ ಪ್ರತಿರೋಧ ದುರ್ಬಲವಾಗಲು ಕಾರಣವೆಂದು ಹನ್ನೆರಡನೆಯ ಶತಮಾನದ ಚರಿತ್ರೆಕಾರ ಆರ್ಡರಿಕ್ ವಿಟಾಲಿಸ್ ಬರೆದಿದ್ದಾನೆ. ಯಾರ್ಕ್ ನಗರದಲ್ಲಿ 1069ರಲ್ಲಿ ವಿಲಿಯಂ ಕಟ್ಟಿಸಿದ ಎರಡನೆಯ ಕೋಟೆ ಎಂಟೇ ದಿನಗಳಲ್ಲಿ ಎದ್ದಿತೆಂದೂ ಅವನೇ ಹೇಳುತ್ತಾನೆ. ಎಂಟು ದಿನದಲ್ಲಿ ಆದದ್ದು ಪೂರ್ಣ ಎತ್ತರದ ದಿಬ್ಬವೋ ಅಥವಾ ತುರ್ತಿಗೆ ಬೇಕಾದಷ್ಟು ಏರಿ ಮತ್ತು ಬೇಲಿಯೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಸಂಶಯವಿದೆ, ಮತ್ತು ಆ ಸಂಶಯ ನ್ಯಾಯವಾದದ್ದೇ.

ಪಟ್ಟಣಗಳಲ್ಲಿ ಕೋಟೆಗೆ ಜಾಗ ಮಾಡಿಕೊಟ್ಟವರು ಯಾರೆಂಬುದು 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಒಣ ಅಂಕಿಗಳಾಗಿ ಬರುತ್ತದೆ. ಲಿಂಕನ್ ನಗರದಲ್ಲಿ ಕೋಟೆಯ ಕಾರಣಕ್ಕೆ 166 ಮನೆಗಳು ಹೋದವು, ನಾರಿಚ್‌ನಲ್ಲಿ 98, ಕೇಂಬ್ರಿಜ್‌ನಲ್ಲಿ 27. ಕಂದಾಯ ಸಂಗ್ರಹಕ್ಕಾಗಿ ಮಾಡಿದ ಗಣತಿಯಾದ್ದರಿಂದ ಆ ಮನೆಗಳು ಇನ್ನು ತೆರಿಗೆ ಕೊಡಲಾರವು ಎಂಬುದಷ್ಟೇ ಅದರ ಕಾಳಜಿ. ಅಲ್ಲಿದ್ದವರು ಎಲ್ಲಿಗೆ ಹೋದರೆಂಬುದನ್ನು ಅದು ಬರೆದಿಡಲಿಲ್ಲ.

ಈ ಕೋಟೆಗಳನ್ನು ಕಟ್ಟುವ ಕೆಲಸದ ಒಂದು ಚಿತ್ರ ನಮಗೆ ಉಳಿದಿದೆ. ಫ್ರಾನ್ಸಿನ ಬಾಯೋ ಪಟ್ಟಣದಲ್ಲಿದ್ದುದರಿಂದ ಆ ಊರಿನ ಹೆಸರನ್ನೇ ಪಡೆದ, ಸುಮಾರು 70 ಮೀಟರ್ ಉದ್ದದ, ನಾರುಬಟ್ಟೆಯ ಮೇಲೆ ಉಣ್ಣೆನೂಲಿನಿಂದ ಹಾಕಿದ ಹನ್ನೊಂದನೆಯ ಶತಮಾನದ ಕಸೂತಿಯಲ್ಲಿ 1066ರ ಘಟನೆಗಳೆಲ್ಲ ಸಾಲಾಗಿ ಮೂಡಿವೆ. ಅದರ ಒಂದು ಕಡೆ ಹೇಸ್ಟಿಂಗ್ಸ್‌ನಲ್ಲಿ ಕೋಟೆ ಏಳುತ್ತಿರುವ ದೃಶ್ಯವಿದೆ. ಕೆಲಸದವರ ಕೈಯಲ್ಲಿ ಸಲಿಕೆ ಪಿಕಾಸಿಗಳಿವೆ. ಮೇಲಧಿಕಾರಿಯೊಬ್ಬ ಅಪ್ಪಣೆ ಕೊಡುತ್ತಿದ್ದಾನೆ. ಕೆಲಸದವರಲ್ಲಿ ಇಬ್ಬರು ಮಾತ್ರ ಅಗೆಯುವುದನ್ನು ಬಿಟ್ಟು, ಕೈಯಲ್ಲಿದ್ದ ಸಲಿಕೆಗಳಿಂದಲೇ ಒಬ್ಬರಿಗೊಬ್ಬರು ಹೊಡೆದಾಡುತ್ತಿದ್ದಾರೆ. ಕಸೂತಿ ಹಾಕಿದವರಿಗೆ ಈ ಜಗಳವನ್ನು ಸೇರಿಸಬೇಕೆಂದು ಏಕೆ ತೋರಿತೋ, ಆದರೆ ಇಡೀ ಪಟ್ಟಿಯಲ್ಲಿ ನನಗೆ ಅತ್ಯಂತ ನಂಬಿಕೆ ಹುಟ್ಟಿಸುವ ಭಾಗ ಇದೇ. ದೃಶ್ಯದ ಮೇಲಿನ ಲ್ಯಾಟಿನ್ ಸಾಲು, ಹೇಸ್ಟಿಂಗ್ಸ್‌ನಲ್ಲಿ ಕೋಟೆಯನ್ನು ಅಗೆಯಬೇಕೆಂದು ಈತ ಆಜ್ಞಾಪಿಸಿದನು ಎಂದು ಹೇಳುತ್ತದೆ. ಕೋಟೆಯನ್ನು ಕಟ್ಟುವುದೆಂದಲ್ಲ, ಅಗೆಯುವುದೆಂದು. ಆ ಕಾಲದವರ ಮನಸ್ಸಿನಲ್ಲಿ ಕೋಟೆಯೆಂದರೆ ಮೊದಲಿಗೆ ಮಣ್ಣುಕೆಲಸವೆಂಬುದಕ್ಕೆ ಈ ಕ್ರಿಯಾಪದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಅದೇ ದೃಶ್ಯದಲ್ಲಿ ದಿಬ್ಬವನ್ನು ಬಣ್ಣಬಣ್ಣದ ಅಡ್ಡಪಟ್ಟೆಗಳಾಗಿ ತೋರಿಸಲಾಗಿದೆ. ಅದು ಬರಿಯ ಅಲಂಕಾರವಾಗಿರಲಾರದು ಎಂದು ನಂಬಲು ಕಾರಣವಿದೆ, ಏಕೆಂದರೆ ಅಗೆದು ನೋಡಿದ ಹಲವು ದಿಬ್ಬಗಳಲ್ಲಿ ಪದರಗಳು ಸಿಕ್ಕಿವೆ: ಒಂದು ಪದರ ಕಲ್ಲುಚೂರು ಅಥವಾ ಸುಣ್ಣಕಲ್ಲಿನ ಪುಡಿ, ಅದರ ಮೇಲೆ ಒಂದು ಪದರ ಮಣ್ಣು ಅಥವಾ ಜೇಡಿ, ಮತ್ತೆ ಕಲ್ಲು. ಕೆರೆಯ ಏರಿ ಹಾಕುವುದನ್ನು ಬಲ್ಲವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಮಣ್ಣನ್ನು ಸುಮ್ಮನೆ ಸುರಿದರೆ ಅದು ತನಗೆ ಸಹಜವಾದ ಇಳಿಜಾರಿಗೆ ಜಾರಿ ನಿಲ್ಲುತ್ತದೆ, ಮಳೆಗಾಲಕ್ಕೆ ಇನ್ನಷ್ಟು ಕುಸಿಯುತ್ತದೆ. ಪದರಪದರವಾಗಿ ಹಾಕಿ ದಮ್ಮಸ್ಸು ಮಾಡಿದರೆ, ನೀರು ಬಸಿದು ಹೋಗಲು ನಡುವೆ ಸಡಿಲ ಪದರವಿದ್ದರೆ, ಹತ್ತಲಾಗದಷ್ಟು ಕಡಿದಾಗಿಯೂ ನಿಲ್ಲುತ್ತದೆ. ಕೆಲವು ಕಡೆ ಹೊರಮೈಗೆ ಜೇಡಿಯ ಗಿಲಾವು ಕೊಟ್ಟಿರುವುದೂ ಉಂಟು. ಒದ್ದೆ ಜೇಡಿಯ ಮೇಲೆ ಕವಚ ತೊಟ್ಟವನು ಹತ್ತುವುದನ್ನು ಊಹಿಸಿಕೊಂಡರೆ ಅದರ ಉಪಯೋಗ ತಿಳಿಯುತ್ತದೆ.

ಥೆಟ್‌ಫರ್ಡ್ ದಿಬ್ಬದ ಮಣ್ಣಿನಲ್ಲಿ ಹೆಚ್ಚಿನದು ಸೀಮೆಸುಣ್ಣದ ಕಲ್ಲು, ಆ ನೆಲದ ಸಹಜ ಕಲ್ಲು. ಹುಲ್ಲು ಬೆಳೆಯುವ ಮುನ್ನ, ಅಂದರೆ ಹೊಸದಾಗಿ ಪೇರಿಸಿದ ದಿನಗಳಲ್ಲಿ, ಅದು ಹಸಿರು ಬಯಲಿನ ನಡುವೆ ಬೆಳ್ಳಗೆ ಹೊಳೆಯುತ್ತ ಬಹುದೂರಕ್ಕೆ ಕಂಡಿರಬೇಕು. ಅಷ್ಟು ದೊಡ್ಡ ದಿಬ್ಬಕ್ಕೆ 24,000 ಆಳುದಿನಗಳವರೆಗೆ ಕೆಲಸ ಹಿಡಿದಿರಬಹುದೆಂದು ಅಂದಾಜು ಮಾಡಲಾಗಿದೆ. 300 ಆಳುಗಳು ಬಿಡುವಿಲ್ಲದೆ ದುಡಿದರೂ 80 ದಿನಗಳ ಕೆಲಸ. ಸಣ್ಣ ದಿಬ್ಬವೊಂದಕ್ಕೆ ಸಾವಿರ ಆಳುದಿನ ಸಾಕಾಗುತ್ತಿತ್ತು. ಎತ್ತರ ಹೆಚ್ಚಿದಂತೆ ಕೆಲಸ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಅದನ್ನು ಮೀರಿ ಹೆಚ್ಚುತ್ತದೆ. ಎತ್ತರ ಎರಡರಷ್ಟಾದರೆ, ಆಕಾರ ಹಾಗೆಯೇ ಇದ್ದಲ್ಲಿ, ಮಣ್ಣು ಎಂಟರಷ್ಟು ಬೇಕು, ಜೊತೆಗೆ ಪ್ರತಿ ಬುಟ್ಟಿಯನ್ನೂ ಇನ್ನಷ್ಟು ಮೇಲಕ್ಕೆ ಹೊರಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಮಾಟ್‌ಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನವು 5 ಮೀಟರಿಗಿಂತ ಕಡಿಮೆ ಎತ್ತರದವಾಗಿ, 10 ಮೀಟರ್ ಮೀರಿದವು ನೂರಕ್ಕೆ ಏಳರಷ್ಟು ಮಾತ್ರ ಇರುವುದಕ್ಕೆ ಈ ಲೆಕ್ಕವೇ ಕಾರಣ. ಹಾಗಿದ್ದ ಮೇಲೆ ಥೆಟ್‌ಫರ್ಡ್‌ನಲ್ಲಿ 20 ಮೀಟರ್ ಏಕೆ ಬೇಕಾಯಿತು? ಕಾವಲಿಗೆ ಅದರ ಅರ್ಧ ಎತ್ತರ ಧಾರಾಳವಾಗಿ ಸಾಕಿತ್ತು. ಥೆಟ್‌ಫರ್ಡ್ ಆಗ ಇಂದಿನಂತೆ ಸಣ್ಣ ಊರಾಗಿರಲಿಲ್ಲ. ಕೆಲವು ವರ್ಷಗಳ ಕಾಲ ಬಿಷಪ್ಪನ ಪೀಠವೂ ಇಲ್ಲಿದ್ದು, 1090ರ ದಶಕದಲ್ಲಿ ನಾರಿಚ್‌ಗೆ ಹೋಯಿತು. ಆಗಿನ ದೊಡ್ಡ ಪಟ್ಟಣವೊಂದರ ಜನರು ಪ್ರತಿ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕಾಣಲಿ ಎಂದೇ ಈ ಎತ್ತರವನ್ನು ಮಾಡಿದ್ದೆಂದು ನನ್ನ ತೀರ್ಮಾನ.

ದಿಬ್ಬದ ಮೇಲೆ ಏನಿತ್ತು ಎಂಬ ಪ್ರಶ್ನೆಗೆ ಥೆಟ್‌ಫರ್ಡ್ ಉತ್ತರ ಕೊಡುವುದಿಲ್ಲ. ಬೇರೆ ಕಡೆಯ ಸಾಕ್ಷ್ಯಗಳನ್ನು ನೋಡಬೇಕು. ಸರ್ರೆ ಪ್ರಾಂತದ ಆ್ಯಬಿಂಜರ್‌ನಲ್ಲಿ 1949ರಲ್ಲಿ ಬ್ರಯನ್ ಹೋಪ್ ಟೇಲರ್ ಎಂಬ ಪುರಾತತ್ತ್ವಜ್ಞ ಸಣ್ಣ ದಿಬ್ಬವೊಂದರ ನೆತ್ತಿಯನ್ನು ಅಗೆದಾಗ, ಮರ ಕೊಳೆತು ಹೋಗಿ ಬಣ್ಣ ಬದಲಾದ ಮಣ್ಣಾಗಿ ಉಳಿದ ಕಂಬದ ಕುಳಿಗಳು ಸಿಕ್ಕಿದವು. ಅಂಚಿನಲ್ಲಿ ತಡೆಬೇಲಿಯ ಸಾಲು, ನಡುವೆ ಒಂದು ಬದಿಗೆ ಸುಮಾರು 12 ಅಡಿ ಅಳತೆಯ ಚೌಕಾಕಾರದ ಗೋಪುರದ ಕಂಬಗಳು. ಕೆಳಗೆ ಗೋಡೆಯಿಲ್ಲದೆ ಕಂಬಗಳ ಮೇಲೆ ನಿಂತ, ಹೊಲ ಕಾಯುವ ಅಟ್ಟಣೆಯ ದೊಡ್ಡಣ್ಣನಂಥ ಕಟ್ಟಡವೆಂದು ಅದನ್ನು ಊಹಿಸಲಾಗಿದೆ.

ಎಲ್ಲ ಗೋಪುರಗಳೂ ಅಷ್ಟು ಸರಳವಾಗಿರಲಿಲ್ಲ. ಫ್ರಾನ್ಸಿನ ಉತ್ತರ ತುದಿಯ ಆರ್ಡ್ರ್ ಎಂಬಲ್ಲಿ ಹನ್ನೆರಡನೆಯ ಶತಮಾನದ ಆರಂಭದಲ್ಲಿ ದಿಬ್ಬದ ಮೇಲೆ ಎದ್ದ ಮರದ ಮಹಲನ್ನು ಅಲ್ಲಿನ ಪಾದ್ರಿ ಲ್ಯಾಂಬರ್ಟ್ ಮುಂದಿನ ಪೀಳಿಗೆಗಳಿಗಾಗಿ ವಿವರವಾಗಿ ವರ್ಣಿಸಿದ್ದಾನೆ. ನೆಲದ ಮಟ್ಟದಲ್ಲಿ ಉಗ್ರಾಣ, ಕಣಜ, ಪೆಟ್ಟಿಗೆ, ಪೀಪಾಯಿಗಳು. ಎರಡನೆಯ ಅಂತಸ್ತಿನಲ್ಲಿ ಒಡೆಯನೂ ಅವನ ಹೆಂಡತಿಯೂ ಮಲಗುವ ದೊಡ್ಡ ಕೋಣೆ, ಅದಕ್ಕೆ ಹೊಂದಿಕೊಂಡು ದಾಸಿಯರು ಮತ್ತು ಮಕ್ಕಳು ಮಲಗುವ ಕೋಣೆ, ಜೊತೆಗೆ ಬೆಂಕಿ ಕಾಯಿಸುವ ಒಂದು ಖಾಸಗಿ ಕೋಣೆ. ಬೆಳಗಿನ ಜಾವದ ಚಳಿಗೆ, ಕಾಯಿಲೆಯವರಿಗೆ, ಹಾಲು ಬಿಟ್ಟ ಕೂಸುಗಳನ್ನು ಬೆಚ್ಚಗಿಡುವುದಕ್ಕೆ ಅದು ಬಳಕೆಯಾಗುತ್ತಿತ್ತು. ಎಲ್ಲಕ್ಕೂ ಮೇಲೆ ಒಂದು ಕಡೆ ಗಂಡುಮಕ್ಕಳು, ಇನ್ನೊಂದು ಕಡೆ ಹೆಣ್ಣುಮಕ್ಕಳು, ಕಾವಲುಗಾರರು. ಕೋಣೆಯಿಂದ ಕೋಣೆಗೆ ಹೋಗುವ ದಾರಿಗಳು ಚಕ್ರವ್ಯೂಹದಂತಿದ್ದವಂತೆ. ಬರಿಯ ಹುಲ್ಲಿನ ದಿಬ್ಬದ ಮೇಲೆ ನಿಂತಾಗ ಈ ಬೆಂಕಿಯ ಕೋಣೆಯನ್ನು ನೆನೆಯುವುದು ಒಳ್ಳೆಯದು. ಇಲ್ಲವಾದರೆ ಕೋಟೆಯೆಂದರೆ ಸದಾ ಯುದ್ಧವೇ ಎಂಬ ಭ್ರಮೆ ಉಳಿಯುತ್ತದೆ.

ದಿಬ್ಬಕ್ಕೆ ಹತ್ತುವ ಸೇತುವೆಯ ಕುರಿತು ಇನ್ನೊಂದು ಸಾಕ್ಷ್ಯವಿದೆ. ಸುಮಾರು 1130ರಲ್ಲಿ ಜಾನ್ ಡಿ ಕೋಲ್ಮ್ಯೂ ಎಂಬ ಪಾದ್ರಿ ಥೆರುವಾನ್‌ನ ಬಿಷಪ್ಪನ ಜೀವನಚರಿತ್ರೆಯನ್ನು ಬರೆಯುತ್ತ, ಆ ಸೀಮೆಯ ಶ್ರೀಮಂತರು ಆದಷ್ಟು ಎತ್ತರದ ಮಣ್ಣಿನ ದಿಬ್ಬ ಮಾಡಿ, ಸುತ್ತಲೂ ಆದಷ್ಟು ಆಳದ ಕಂದಕ ತೋಡಿ, ಮೇಲೆ ದಿಮ್ಮಿಗಳ ಬೇಲಿ ಹಾಕಿ, ನಡುವೆ ಮನೆ ಕಟ್ಟುವ ಪದ್ಧತಿಯನ್ನು ಹೇಳುತ್ತಾನೆ. ಕಂದಕದ ಹೊರದಡದಿಂದ ಆರಂಭವಾಗಿ, ಜೋಡಿ ಕಂಬಗಳ ಮೇಲೆ ಮೆಲ್ಲಮೆಲ್ಲನೆ ಏರುತ್ತ ಹೋಗುವ ಸೇತುವೆಯೊಂದೇ ಅಲ್ಲಿಗೆ ದಾರಿ. ಮೆರ್ಖೆಮ್ ಎಂಬಲ್ಲಿ ಬಿಷಪ್ಪ ದಿಬ್ಬದಿಂದ ಇಳಿದು ಬರುತ್ತಿದ್ದಾಗ, ಹಿಂದೆ ಮುಂದೆ ನೆರೆದ ಜನರ ಭಾರಕ್ಕೆ ಸೇತುವೆ ನಡುವೆಯೇ ಮುರಿದು ಎಲ್ಲರೂ ಕಂದಕಕ್ಕೆ ಬಿದ್ದರಂತೆ, ಆದರೆ ಯಾರಿಗೂ ಗಾಯವಾಗಲಿಲ್ಲವಂತೆ. ಲೇಖಕನಿಗೆ ಇದು ಪವಾಡ. ನಮಗೆ ಇದು ಸೇತುವೆಯ ರಚನೆಯನ್ನು ತಿಳಿಸುವ ಅಪರೂಪದ ಅಪಘಾತವರದಿ.

ಈ ತಿಳಿವಳಿಕೆಯೊಂದಿಗೆ ಥೆಟ್‌ಫರ್ಡ್‌ಗೆ ಹಿಂದಿರುಗೋಣ. ಅಲ್ಲಿ ಹೋದ ಕೂಡಲೇ ಮೆಟ್ಟಿಲಿನ ಕಡೆ ಧಾವಿಸದೆ, ಮೊದಲು ದಿಬ್ಬದ ಉತ್ತರಕ್ಕೆ ನಡೆಯುವುದು ಸರಿಯಾದ ಕ್ರಮ. ಅಲ್ಲಿ ಒಂದರ ಹಿಂದೆ ಒಂದರಂತೆ ಎರಡು ಎತ್ತರದ ಏರಿಗಳು, ಅವುಗಳ ಪಕ್ಕಕ್ಕೆ ಕಂದಕಗಳು ಇವೆ. ಇವು ನಾರ್ಮನ್ನರ ಕೆಲಸವಲ್ಲ. ಕ್ರಿಸ್ತಪೂರ್ವದ ಕಬ್ಬಿಣಯುಗದಲ್ಲಿ, ಲಿಟ್ಲ್ ಊಸ್ ಮತ್ತು ಥೆಟ್ ಹೊಳೆಗಳನ್ನು ದಾಟುವ ಜಾಗವನ್ನು ಕಾಯಲೆಂದು ಸ್ಥಳೀಯರು ಹಾಕಿಕೊಂಡಿದ್ದ ಮಣ್ಣಿನ ಕೋಟೆಯ ಏರಿಗಳು ಇವು. ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ ನಾರ್ಮನ್ನರು ಬಂದಾಗ ಸುತ್ತುಗೋಡೆ ಆಗಲೇ ಸಿದ್ಧವಾಗಿತ್ತು. ಅವರು ಅದರೊಳಗೆ ತಮ್ಮ ದಿಬ್ಬವನ್ನು ಎಬ್ಬಿಸಿದರು. ಕಾರ್ಡಿಫ್‌ನಲ್ಲಿ ರೋಮನ್ನರ ಕೋಟೆಯೊಳಗೆ, ಸಾಲ್ಸ್‌ಬರಿಯ ಬಳಿಯ ಓಲ್ಡ್ ಸೇರಮ್‌ನಲ್ಲಿ ಕಬ್ಬಿಣಯುಗದ ಬೆಟ್ಟದ ಕೋಟೆಯೊಳಗೆ ಅವರು ಮಾಡಿದ್ದೂ ಇದನ್ನೇ. ಎರಡು ಏರಿಗಳ ನಡುವಿನ ಕಂದಕಕ್ಕೆ ಇಳಿದು ನಿಂತರೆ ಪಟ್ಟಣ ಪೂರ್ತಿ ಮರೆಯಾಗುತ್ತದೆ, ಎರಡೂ ಪಕ್ಕಕ್ಕೆ ಇಳಿಜಾರು ತಲೆಗಿಂತ ಎಷ್ಟೋ ಎತ್ತರಕ್ಕೆ ಏಳುತ್ತದೆ. ಇಷ್ಟು ಶತಮಾನಗಳ ಮಳೆಗೆ ಏರಿ ಕರಗಿ ಕಂದಕ ತುಂಬಿದ ಮೇಲೂ ಈ ಅನುಭವ ಇಷ್ಟಿದೆ. ಮೂಲದಲ್ಲಿ ತಗ್ಗು ಇನ್ನೂ ಆಳವಾಗಿತ್ತು, ಏರಿ ಇನ್ನೂ ಚೂಪಾಗಿತ್ತು.

ಬಳಿಕ ದಿಬ್ಬದ ಪೂರ್ವಕ್ಕೆ ಬಂದರೆ ಸಮತಟ್ಟಾದ ಹುಲ್ಲಿನ ಬಯಲು ಸಿಗುತ್ತದೆ. ಬೇಯ್ಲಿ ಇದ್ದದ್ದು ಅಲ್ಲಿ. ಕಣ್ಣಿಗೆ ಏನೂ ಕಾಣದ ಈ ಬಯಲನ್ನು ಬಹುತೇಕರು ಅಡ್ಡಹಾಯ್ದು ಹೋಗಿಬಿಡುತ್ತಾರೆ. ಆದರೆ ಕೋಟೆಯ ದಿನನಿತ್ಯದ ಬದುಕು ನಡೆದದ್ದು ಇಲ್ಲಿ. ದಿಬ್ಬ ಕಡೆಯ ಆಸರೆ ಮಾತ್ರ. ಕೊನೆಗೆ ಮೆಟ್ಟಿಲು ಹತ್ತಬೇಕು. ಹತ್ತುವಾಗ ಉಸಿರು ಏದುವುದನ್ನು ಗಮನಿಸಿ: ಅದೂ ಕಟ್ಟಿದವರ ಲೆಕ್ಕದೊಳಗೇ ಇತ್ತು. ನೆತ್ತಿ ಸಪಾಟಾಗಿಲ್ಲ. ತಟ್ಟೆಯಂತೆ ನಡುವೆ ತಗ್ಗಾಗಿ, ಅಂಚು ತುಸು ಎದ್ದಿದೆ. ಆ ಎದ್ದ ಅಂಚಿನ ಮೇಲೆ ತಡೆಬೇಲಿ ಇದ್ದಿರಬೇಕು. ಅಂಚಿಗೆ ಬಂದು ಕೆಳಗೆ ನೋಡಿದರೆ ಹೊಳೆಯ ಕಡವು, ಹಳೆಯ ದಾರಿಯ ದಿಕ್ಕು, ಪಟ್ಟಣ ಎಲ್ಲವೂ ಒಂದೇ ನೋಟಕ್ಕೆ ಸಿಗುವುದರಿಂದ ಈ ಜಾಗವನ್ನೇ ಏಕೆ ಆರಿಸಿಕೊಂಡರೆಂದು ಬೇರೆ ಹೇಳಬೇಕಾಗುವುದಿಲ್ಲ.

ಅಷ್ಟು ದುಡಿಮೆಯ ಈ ಕೋಟೆಯ ಆಯುಷ್ಯ ಮಾತ್ರ ಕಡಿಮೆ. ನಾರ್ಫೋಕ್‌ನ ಪ್ರಬಲ ಸಾಮಂತರಾದ ಬಿಗಾಡ್ ಮನೆತನದ ಹ್ಯೂ ಬಿಗಾಡ್, 1173ರಲ್ಲಿ ರಾಜ ಎರಡನೆಯ ಹೆನ್ರಿಯ ವಿರುದ್ಧ ಅವನ ಮಕ್ಕಳೇ ಎದ್ದ ದಂಗೆಯಲ್ಲಿ ಮಕ್ಕಳ ಪಕ್ಷ ವಹಿಸಿದನು; ಅದೇ ವರ್ಷ ರಾಜನು ಥೆಟ್‌ಫರ್ಡ್ ಕೋಟೆಯನ್ನು ಹಾಳುಗೆಡವಿಸಿದನು. ಮರವನ್ನು ಕಿತ್ತರೆ, ಸುಟ್ಟರೆ ಆಯಿತು, ಕೋಟೆ ನಿರುಪಯೋಗಿ. ಮರದ ಈ ದೌರ್ಬಲ್ಯವನ್ನು ಬಾಯೋ ಕಸೂತಿಯೂ ತೋರಿಸುತ್ತದೆ: ಬ್ರಿಟನಿಯ ದಿನಾನ್ ಕೋಟೆಗೆ ಮುತ್ತಿಗೆ ಹಾಕಿದ ಇಬ್ಬರು ಪಂಜು ಹಿಡಿದು ತಡೆಬೇಲಿಗೆ ಬೆಂಕಿ ಹಚ್ಚುತ್ತಿದ್ದರೆ, ಮೇಲಿರುವವನು ಭರ್ಜಿಯ ತುದಿಗೆ ಕೀಲಿಕೈ ಸಿಕ್ಕಿಸಿ ಕೆಳಗೆ ಚಾಚುತ್ತಿದ್ದಾನೆ. ಬೆಂಕಿ ಹಚ್ಚುವ ಶತ್ರು ಬರದಿದ್ದರೂ, ನೆಲದಲ್ಲಿ ಹೂತ ಕಂಬ ಕೆಲವು ದಶಕಗಳಲ್ಲಿ ಕೊಳೆಯುತ್ತಿತ್ತು.

ಹಾಗಿದ್ದರೆ ದಿಬ್ಬದ ಮೇಲೆ ಕಲ್ಲಿನ ಗೋಪುರ ಕಟ್ಟಬಹುದಿತ್ತಲ್ಲ ಎನ್ನಬಹುದು. ಕಟ್ಟಿದವರುಂಟು, ಪಶ್ಚಾತ್ತಾಪಪಟ್ಟವರೂ ಉಂಟು. ಯಾರ್ಕ್‌ನ ದಿಬ್ಬದ ಮೇಲಿದ್ದ ಮರದ ಗೋಪುರ 1190ರ ಮಾರ್ಚ್‌ನಲ್ಲಿ, ಅದರೊಳಗೆ ಆಶ್ರಯ ಪಡೆದಿದ್ದ ಸುಮಾರು 150 ಯಹೂದಿಗಳ ದಾರುಣ ಸಾವಿನ ಸಂದರ್ಭದಲ್ಲಿ ಸುಟ್ಟುಹೋಯಿತು. ಹದಿಮೂರನೆಯ ಶತಮಾನದಲ್ಲಿ ಅದೇ ದಿಬ್ಬದ ಮೇಲೆ ಎದ್ದ ಕಲ್ಲಿನ ಕಟ್ಟಡ, ಇಂದು ಕ್ಲಿಫರ್ಡ್ಸ್ ಟವರ್ ಎಂದು ಪ್ರಸಿದ್ಧವಾದದ್ದು, ಕೆಳಗಿನ ಪೇರಿಸಿದ ಮಣ್ಣು ಜಗ್ಗಿದ್ದರಿಂದ 1358ರ ಹೊತ್ತಿಗೆ ಎರಡು ಕಡೆ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತ್ತು. ಆ ಬಿರುಕುಗಳನ್ನು ಈಗಲೂ ನೋಡಬಹುದು. ಈ ಅಪಾಯಕ್ಕೆ ಒಂದು ಜಾಣ ಪರಿಹಾರವೆಂದರೆ, ನಡುವೆ ಭಾರದ ಗೋಪುರ ಕಟ್ಟದೆ, ಮರದ ಬೇಲಿಯಿದ್ದ ಅಂಚಿನಲ್ಲೇ ಬಳೆಯಾಕಾರದ ತೆಳುವಾದ ಕಲ್ಲಿನ ಗೋಡೆ ಎಬ್ಬಿಸುವುದು. ಡೆವನ್‌ನ ಟಾಟ್ನೆಸ್‌ನಲ್ಲಿ ಅಂಥ ಗೋಡೆ ದಿಬ್ಬದ ನೆತ್ತಿಗೆ ಕಿರೀಟದಂತೆ ಇಂದಿಗೂ ಕುಳಿತಿದೆ. ಥೆಟ್‌ಫರ್ಡ್‌ಗೆ ಆ ಯೋಗ ಬರಲಿಲ್ಲ. ಕಲ್ಲು ಬಂದ ಕಡೆಗಳಲ್ಲಿ ಮಣ್ಣಿನ ಮೂಲರೂಪ ಕಟ್ಟಡಗಳ ಅಡಿಗೆ ಸಿಕ್ಕಿ ಮಸುಕಾಯಿತು. ಬೇಗ ಕೈಬಿಟ್ಟದ್ದರಿಂದಲೇ ಇಲ್ಲಿ ಅದು ಹೀಗೆ ಬಿಡಿಯಾಗಿ, ಪೂರ್ತಿಯಾಗಿ ಉಳಿದಿದೆ.

ಇಂಥ ಕೋಟೆಗಳು ಇಂಗ್ಲೆಂಡಿನಲ್ಲಿಯೇ 600ಕ್ಕೂ ಹೆಚ್ಚು ದಾಖಲಾಗಿವೆ. ವೇಲ್ಸ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಬೇರೆ ಇವೆ. ಹೆಚ್ಚಿನವು ಹೊಲದ ಅಂಚಿನಲ್ಲಿ, ಇಗರ್ಜಿಯ ಹಿಂದೆ, ಫಲಕವೂ ಇಲ್ಲದೆ ನಿಂತಿರುವ ಪುಟ್ಟ ದಿಬ್ಬಗಳು. ಅವುಗಳನ್ನು ನೋಡಲು ಹೋಗುವವರು ಬೆಳಗಿನ ಅಥವಾ ಸಂಜೆಯ ಹೊತ್ತನ್ನು, ಅದರಲ್ಲೂ ಚಳಿಗಾಲದ ಬಿಸಿಲನ್ನು ಆರಿಸಿಕೊಳ್ಳಬೇಕು. ಸೂರ್ಯ ತಗ್ಗಿನಲ್ಲಿದ್ದಾಗ ಮೊಣಕಾಲೆತ್ತರದ ಏರಿಗೂ ಉದ್ದನೆಯ ನೆರಳು ಬೀಳುತ್ತದೆ. ನಡುಹಗಲಿನಲ್ಲಿ ಅದೇ ಏರಿ ಬಯಲಿನಲ್ಲಿ ಕರಗಿಹೋಗುತ್ತದೆ. ಬೇಸಗೆಯಲ್ಲಿ ಗಿಡಗಂಟಿ ಬೆಳೆದು ಆಕಾರ ಮುಚ್ಚುತ್ತದೆ. ತುರುಚೆ ಗಿಡಗಳ ದಟ್ಟ ಮೆಳೆ ಇರುವ ಕಡೆ ನೆಲ ಹಿಂದೆ ಕದಡಿದ್ದಿರಬಹುದು ಅಥವಾ ಜನ ದನಗಳ ವಾಸದಿಂದ ಗೊಬ್ಬರ ಸೇರಿದ್ದಿರಬಹುದು. ಮೊಲದ ಬಿಲದ ಬಾಯಿಯಲ್ಲಿ ಬಿದ್ದಿರುವ ಮಣ್ಣನ್ನು ನೋಡಿದರೆ ದಿಬ್ಬದ ಒಳಗಿನ ಪದರ ಯಾವುದೆಂದು ಅಗೆಯದೆಯೇ ಅಂದಾಜಾಗುತ್ತದೆ. ತಾವೇ ಅಗೆಯುವಂತಿಲ್ಲ, ಏಕೆಂದರೆ ಇವುಗಳಲ್ಲಿ ಬಹಳಷ್ಟು ಕಾನೂನಿನ ರಕ್ಷಣೆಯಲ್ಲಿರುವ ಸ್ಮಾರಕಗಳು. 1979ರ ಕಾಯಿದೆಯಂತೆ ಲೋಹಶೋಧಕ ಯಂತ್ರವನ್ನು ಅನುಮತಿಯಿಲ್ಲದೆ ಅಲ್ಲಿ ಬಳಸುವುದೂ ಅಪರಾಧ. ಮೆಟ್ಟಿಲಿರುವಾಗ ಹುಲ್ಲಿನ ಮೇಲೆ ನೇರವಾಗಿ ಹತ್ತಬಾರದು. ಸಾವಿರ ಜನ ಒಂದೇ ಜಾಡಿನಲ್ಲಿ ಹತ್ತಿದರೆ ಹುಲ್ಲು ಸತ್ತು, ಮಳೆನೀರು ಆ ಗೆರೆಯನ್ನೇ ಹಿಡಿದು ಇಳಿದು, ಒಂಬತ್ತು ಶತಮಾನ ನಿಂತ ಇಳಿಜಾರು ಕೆಲವೇ ವರ್ಷಗಳಲ್ಲಿ ಕೊರೆದುಹೋಗುತ್ತದೆ.

ಕಂಡ ದಿಬ್ಬವೆಲ್ಲ ನಾರ್ಮನ್ನರದೆಂದು ನಂಬುವುದೂ ತಪ್ಪು. ಹಳೆಯ ಸಮಾಧಿಗಳು, ಗಾಳಿಯಂತ್ರ ನಿಲ್ಲಿಸಲು ಹಾಕಿದ ಗುಡ್ಡೆಗಳು, ಶ್ರೀಮಂತರ ತೋಟದ ವಿಹಾರದ ದಿಬ್ಬಗಳು ಇವೆಲ್ಲ ಒಂದೇ ಬಗೆಯಾಗಿ ಕಾಣುತ್ತವೆ. ಪಂಡಿತರೂ ಮೋಸಹೋಗಿದ್ದಾರೆ. ವಿಲ್ಟ್‌ಷೈರ್‌ನ ಮಾರ್ಲ್‌ಬರೋದಲ್ಲಿರುವ 19 ಮೀಟರ್ ಎತ್ತರದ ದಿಬ್ಬವನ್ನು ನಾರ್ಮನ್ ಕೋಟೆಯ ದಿಬ್ಬವೆಂದೇ ಬಹುಕಾಲ ಎಣಿಸಲಾಗಿತ್ತು. ಅದರೊಳಗಿನಿಂದ ಕೊರೆದು ತೆಗೆದ ಇದ್ದಿಲಿನ ಪರೀಕ್ಷೆಯಿಂದ ಅದು ಕ್ರಿಸ್ತಪೂರ್ವ 2400ರ ಸುಮಾರಿನದೆಂದು 2011ರಲ್ಲಿ ತಿಳಿದುಬಂತು. ಯಾರ್ಕ್‌ಷೈರ್‌ನ ಸ್ಕಿಪ್‌ಸಿ ಕೋಟೆಯ ದಿಬ್ಬ ಕಬ್ಬಿಣಯುಗದ್ದೆಂದು 2016ರಲ್ಲಿ ಗೊತ್ತಾಯಿತು. ಎರಡೂ ಕಡೆ ನಾರ್ಮನ್ನರು ಸಿದ್ಧ ದಿಬ್ಬದ ಮೇಲೆ ಕೋಟೆ ಮಾಡಿಕೊಂಡಿದ್ದರು. ಥೆಟ್‌ಫರ್ಡ್‌ನ ಜನಪದರಂತೂ ತಮ್ಮ ದಿಬ್ಬಕ್ಕೆ ಬೇರೆಯೇ ಮೂಲ ಹೇಳುತ್ತಾರೆ: ಸೈತಾನನು ದೂರದಲ್ಲಿ ಕಂದಕಗಳನ್ನು ತೋಡಿ ಮುಗಿಸಿ ಬಂದು, ಬೂಟಿಗೆ ಮೆತ್ತಿದ್ದ ಮಣ್ಣನ್ನು ಇಲ್ಲಿ ಕೆರೆದು ಹಾಕಿದನಂತೆ. ದಿಬ್ಬದ ಹೊಟ್ಟೆಯಲ್ಲಿ ಬೆಳ್ಳಿಯ ಗಂಟೆಗಳಿವೆಯೆಂಬ ಮಾತೂ ಇದೆ.

ಥೆಟ್‌ಫರ್ಡ್‌ಗೆ ಹೋದ ಭಾರತೀಯರು ಹೊಳೆಯ ನಡುವಿನ ಬಟನ್ ಐಲೆಂಡ್‌ಗೂ ಹೋಗಿ ಬರುತ್ತಾರೆ. ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗರ ಕುದುರೆಯೇರಿದ ಪ್ರತಿಮೆ 1999ರಿಂದ ಅಲ್ಲಿದೆ. ಅವರ ಸಮಾಧಿ ಹತ್ತಿರದ ಎಲ್ವಡನ್ ಇಗರ್ಜಿಯ ಅಂಗಳದಲ್ಲಿದೆ. ಕೋಟೆಗೂ ಅವರಿಗೂ ಸಂಬಂಧವಿಲ್ಲವಾದ್ದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಮರವೆಲ್ಲ ಕೊಳೆತ ಮೇಲೆ ಮಣ್ಣು ಎಷ್ಟು ಹೇಳಬಲ್ಲದು ಎಂಬುದಕ್ಕೆ ವೇಲ್ಸ್‌ನ ಗಡಿಯಲ್ಲಿರುವ ಹೆನ್ ಡೋಮೆನ್ ಅತ್ಯುತ್ತಮ ಉದಾಹರಣೆ. ವೆಲ್ಷ್ ಭಾಷೆಯಲ್ಲಿ ಹಾಗೆಂದರೆ ಹಳೆಯ ದಿಬ್ಬ. 1070ರ ದಶಕದ ಆರಂಭದಲ್ಲಿ ರೋಜರ್ ಡಿ ಮಾಂಟ್ಗೊಮೆರಿ ಸೆವರ್ನ್ ಹೊಳೆಯ ಕಡವನ್ನು ಕಾಯಲು ಎಬ್ಬಿಸಿದ ಕೋಟೆಯದು. ವೆಲ್ಷರು 1095ರಲ್ಲಿ ಅದನ್ನು ಹಾಳು ಮಾಡಿದರು, ಮತ್ತೆ ಎದ್ದಿತು, 1223ರಲ್ಲಿ ಹತ್ತಿರದ ಬಂಡೆಯ ಮೇಲೆ ಕಲ್ಲಿನ ಕೋಟೆ ಆರಂಭವಾದ ಮೇಲೆ ಮಹತ್ತ್ವ ಕಳೆದುಕೊಂಡಿತು. ಫಿಲಿಪ್ ಬಾರ್ಕರ್ 1960ರಲ್ಲಿ ಅಲ್ಲಿ ಉತ್ಖನನ ಆರಂಭಿಸಿ, ಮುಂದೆ ರಾಬರ್ಟ್ ಹೈಯಂ ಅವರೊಡಗೂಡಿ 1992ರವರೆಗೆ ಕೆಲಸ ಮಾಡಿದರು. ಅಲ್ಲಲ್ಲಿ ಗುಂಡಿ ತೋಡುವ ರೂಢಿಯನ್ನು ಬಿಟ್ಟು, ಬೇಯ್ಲಿಯ ಅರ್ಧಭಾಗವನ್ನು ಒಟ್ಟಾಗಿ ತೆರೆದು, ಕರಣೆಯಿಂದ ಪದರಪದರವಾಗಿ ಕೆರೆದು ನೋಡಿದರು. ಬಯಲೆಂದು ತೋರುತ್ತಿದ್ದಲ್ಲಿ ಬೇರೆಬೇರೆ ಕಾಲದ ಸುಮಾರು 50 ಕಟ್ಟಡಗಳ ಗುರುತು ಸಿಕ್ಕಿತು. ಅಂಗಳ ಖಾಲಿಯಾಗಿರಲಿಲ್ಲ, ಕಟ್ಟಡದ ಪಕ್ಕಕ್ಕೆ ಕಟ್ಟಡವಾಗಿ ಕಿಕ್ಕಿರಿದಿತ್ತು. ಬೆಲೆಬಾಳುವ ವಸ್ತುಗಳು ಮಾತ್ರ ಬಹಳ ಕಡಿಮೆ ಸಿಕ್ಕಿದವು. ಗಡಿಯ ಸೈನಿಕರ ಬದುಕು ಒರಟಾಗಿತ್ತು.

ಆದರೆ ಅವರಿಗೆ ಸಿಕ್ಕಿದ ಅತ್ಯಂತ ಹಳೆಯ ಸಂಗತಿ ಕೋಟೆಯದಲ್ಲ. ಏರಿಯ ಅಡಿಯಲ್ಲಿ, ನಾರ್ಮನ್ನರು ಮಣ್ಣು ಸುರಿಯುವ ಮುನ್ನ ಇದ್ದ ನೆಲ ಹಾಗೆಯೇ ಮುಚ್ಚಿಹೋಗಿತ್ತು, ಮತ್ತು ಆ ನೆಲದಲ್ಲಿ ನೇಗಿಲಿನ ಉಬ್ಬುತಗ್ಗುಗಳಿದ್ದವು. ಯಾರೋ ಒಬ್ಬ ರೈತ ಉತ್ತ ಹೊಲವದು. 1066ರ ಹೊತ್ತಿಗೆ ಆ ಸುತ್ತಲಿನ ಭೂಮಿ ಪಾಳುಬಿದ್ದು ಬೇಟೆಯ ಕಾಡಾಗಿತ್ತೆಂದು ಡೂಮ್ಸ್‌ಡೇ ದಾಖಲೆ ಹೇಳುವುದರಿಂದ, ಉಳುಮೆ ಅದಕ್ಕೂ ಮುಂಚಿನದು. ಆ ಸಾಲುಗಳನ್ನು ಕಾಪಾಡಬೇಕೆಂದು ಕೋಟೆ ಹಾಕಿದವರಿಗೆ ಅನಿಸಿರಲಾರದು. ಅವರು ಅದರ ಮೇಲೆ ಬುಟ್ಟಿಗಳನ್ನು ಸುರಿದು ತುಳಿದು ಗಟ್ಟಿಮಾಡಿದರು. ಬಾರ್ಕರ್ ಅವರ ತಂಡ ಏರಿಯ ಮಣ್ಣನ್ನು ತೆಗೆದಾಗ, ಒಂಬತ್ತು ಶತಮಾನಗಳ ಹಿಂದಿನ ಆ ಉಳುಮೆಯ ಸಾಲುಗಳು ಒಂದರ ಪಕ್ಕ ಒಂದರಂತೆ ಇದ್ದ ಹಾಗೆಯೇ ಇದ್ದವು.